ಗೊಟ್ಟ

ಘಾಟಬೋರಾಳದ ಪಂಡರಿಯ ಮನೆಯ ನಾಯಿ ದಪ್ಪಗಾಗಿತ್ತು. ಇದನ್ನು ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ಊರಿನ ಮಿಕ್ಕ ನಾಯಿಗಳ ಪಕ್ಕೆಲುಬು ದಾರಿಹೋಕರಿಗೂ ಎಣಿಸಲು ಸಿಗುತ್ತಿದ್ದಾಗ ಇದೊಂದು ಮಾತ್ರ ಸಾಹುಕಾರನ ಹಾಗೆ ಹೊಟ್ಟೆ ಹೊತ್ತು ನಡೆಯುವುದು ಕುರಿಗಾರರ ಓಣಿಯಲ್ಲಿ ಒಂದು ವಾರ ಚರ್ಚೆಗೆ ಬಂತು. ಎಂಟನೇ ದಿನ ಪಂಡರಿ ಪತ್ತೆ ಮಾಡಿದ. ಪಿಯುಸಿ ಓದುವ ಮಗಳು ದೀಪಾಲಿ ತನ್ನ ಪಾಲಿನ ರೊಟ್ಟಿಯನ್ನು ಓಢಣಿಯಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲಲ್ಲಿ ನಾಯಿಗೆ ಹಾಕುತ್ತಿದ್ದಳು. ಎಷ್ಟು ತಿಂಗಳಿಂದ ಎಂದು ಕೇಳಿದರೆ ಓಢಣಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಸಡಿಲ ಚೂಡಿದಾರದ ತೋಳು ಹಿಡಿದು ಎಳೆದಾಗ ಕೈಗೆ ಸಿಕ್ಕಿದ್ದು ಬರೀ ಎಲುಬು. ಪಂಡರಿ ಹೆದರಿದ. ಹೆದರಿದಾಗ ಅವನಿಗೆ ಗೊತ್ತಿದ್ದ ಕೆಲಸ ಒಂದೇ. ಕಪಾಳಕ್ಕೆ ಬಾರಿಸಿದ.

ತಾಯಿ ಚಂದಮ್ಮ ಮಗಳನ್ನು ಎರಡು ಸಲ ಸರ್ಕಾರಿ ದವಾಖಾನೆಗೆ ಒಯ್ದಳು. ಮೊದಲ ಸಲ ಟಾನಿಕ್ ಕೊಟ್ಟರು. ಎರಡನೇ ಸಲ ಹುಡುಗಿ ಅಲ್ಲಿಯೇ ಕಣ್ಣು ಕತ್ತಲೆ ಬಂದು ಬಿದ್ದಳು. ಸಲೈನ್ ಏರಿಸಿ, ಜ್ವರವಿಲ್ಲ, ಭೇದಿಯಿಲ್ಲ, ಊಟ ಬಿಟ್ಟವರನ್ನು ಇಟ್ಟುಕೊಳ್ಳುವ ವಾರ್ಡು ತಮ್ಮಲ್ಲಿಲ್ಲ ಎಂದು ಸಂಜೆಗೆ ಕಳಿಸಿಬಿಟ್ಟರು. ಉಚಿತ ಚಿಕಿತ್ಸೆಯ ಕಾರ್ಡು ತೋರಿಸಿದ್ದಕ್ಕೆ ಕಿಟಕಿಯ ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ, ಪಿತ್ತಕೋಶದ ಕಲ್ಲು ಇದೆ, ಇದು ಇಲ್ಲ ಎಂದ. ಹುಡುಗಿಗೆ ಕಲ್ಲಾದರೂ ಇರಬಾರದಿತ್ತೇ ಎಂಬಂತಿತ್ತು ಅವನ ಮುಖ. ಬಸವಕಲ್ಯಾಣದಲ್ಲಿ ಗುರುವಾರಕ್ಕೊಮ್ಮೆ ಕೂರುವ ಮನೋವೈದ್ಯೆ ಸ್ನೇಹಲ ಮಾತ್ರ, ಇದು ರೋಗ, ಹಟವಲ್ಲ, ಹೀಗೇ ಬಿಟ್ಟರೆ ಒಂದು ದಿನ ಗುಂಡಿಗೆ ನಿಲ್ಲುತ್ತದೆ, ವಾರವಾರವೂ ಕರೆತರಬೇಕು ಅಂದರು. ಫೀಸು, ಔಷಧ, ತಪಾಸಣೆ ಸೇರಿ ವಾರಕ್ಕೆ ಎರಡು ಸಾವಿರ.

ಪಂಡರಿ ಅದನ್ನು ಕೇಳಿ ನಕ್ಕ. ಅಷ್ಟು ದುಡ್ಡಿನಲ್ಲಿ ಅವನ ಕಾಳಗದ ಟಗರು ಸರ್ದಾರ ಹದಿನೈದು ದಿನ ತತ್ತಿ, ಹಾಲು, ಬಾದಾಮಿ ತಿನ್ನುತ್ತಿತ್ತು. ತಿನ್ನಲೊಲ್ಲದ ದಿನ ಪಂಡರಿ ಅದರ ತಲೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಬಾಯಿಗೆ ಬಿದಿರಿನ ಗೊಟ್ಟ ತುರುಕಿ ಗಂಟಲಿಗೆ ಸುರಿಯುತ್ತಿದ್ದ. ಹತ್ತೂರಲ್ಲಿ ಅವನ ಹಾಗೆ ಗೊಟ್ಟ ಹಾಕುವವರಿರಲಿಲ್ಲ. ಅವನ ಕೈಯಲ್ಲಿ ಯಾವ ಪ್ರಾಣಿಯೂ ಉಪವಾಸ ಸತ್ತಿರಲಿಲ್ಲ.

ಮರುದಿನ ಮಗಳು ತಟ್ಟೆ ಸರಿಸಿದಳು.

"ನನಗೂ ಹಸಿವಾಗ್ತದ ಅಪ್ಪಾ. ತುತ್ತು ಬಾಯಿಗಿ ಬಂದ್ರ ಯಾರೋ ಗಂಟಲ ಹಿಚಕದಂಗ ಆಗ್ತದ. ನಾ ಬೇಕಂತ ಮಾಡಾಕತ್ತಿಲ್ಲ."

"ಹಿಚಕೋದು ಹ್ಯಾಂಗಿರ್ತದ, ನಾ ತೋರಸ್ತೀನಿ," ಅಂದ ಪಂಡರಿ.

ನೆಲಕ್ಕೆ ಕೆಡವಿ, ತಲೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ದವಡೆ ಒತ್ತಿ ಗೊಟ್ಟ ತುರುಕಿದ. ಹಾಲಿನಲ್ಲಿ ನಾಲ್ಕು ತತ್ತಿ ಒಡೆದು ತಂದಿದ್ದ. ಅವಳು ಕೊಸರಿಕೊಂಡಳು. ಮುಂದಿನ ಹಲ್ಲು ಚಟ್ಟನೆ ಮುರಿಯಿತು. ಹಳದಿಯೂ ಕೆಂಪೂ ಕೂಡಿ ಕುತ್ತಿಗೆಗೆ ಇಳಿಯಿತು. ಉಸಿರು ಕಟ್ಟಿದ ಹುಡುಗಿ ಗೊಟ್ಟ ಉಗುಳಿ ಅವನ ತೋರುಬೆರಳು ಕಚ್ಚಿದಳು, ಎಲುಬು ತಗಲುವವರೆಗೆ. ಪಂಡರಿ ಇನ್ನೊಂದು ಕೈಯಿಂದ ಅವಳ ತಲೆಯನ್ನು ಗೋಡೆಗೆ ಬಡಿದ. ಎರಡನೇ ಸಲ ಬಡಿಯುವ ಮೊದಲು ಅವನ ಕುತ್ತಿಗೆಗೆ ಕುಡಗೋಲಿನ ತಣ್ಣನೆಯ ಬಾಯಿ ತಾಗಿತು.

"ಬಿಡು," ಅಂದಳು ಚಂದಮ್ಮ. "ಇಲ್ಲಂದ್ರ ಟಗರ ಕೊಯ್ದಂಗ ಕೊಯ್ತೀನಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಮಾತನ್ನು ಬೆಳೆಸಿ ಹೇಳಿದವಳಲ್ಲ. ಪಂಡರಿ ಬಿಟ್ಟ.

ಬೆರಳು ಬದನೆಕಾಯಿಯಷ್ಟು ಊದಿತು. ಅದೇ ಸರ್ಕಾರಿ ದವಾಖಾನೆ ಅವನನ್ನು ಅಳಿಯನ ಹಾಗೆ ಬರಮಾಡಿಕೊಂಡಿತು. ನರ್ಸ್ ಮೀರಾಬಾಯಿ ಗಾಯ ತೊಳೆದು ಪಟ್ಟಿ ಕಟ್ಟಿ, ಏನು ಕಚ್ಚಿತು ಎಂದು ಕೇಳಿದಳು. ಮಗಳು ಎಂದ. ಅವಳು ರಿಜಿಸ್ಟರು ಮೇಲೆ ಕೆಳಗೆ ನೋಡಿದಳು.

"ಮನಶ್ಯಾರು ಕಚ್ಚಿದ್ದಕ್ಕ ಇದರಾಗ ಬರಿಯೋ ಖಾನಾ ಇಲ್ಲ ಕಾಕಾ. ನಾಯಿ ಅಂತ ಬರಿತೀನಿ. ಸೂಜಿ ಫ್ರೀ ಆಗ್ತದ."

ಸೂಜಿ ಚುಚ್ಚಿ, ಇನ್ನೂ ನಾಲ್ಕು ತಾರೀಖು ಬರೆದ ಚೀಟಿ ಕೊಟ್ಟು, ಒಂದೂ ತಪ್ಪಿಸಬೇಡಿ, ಜೀವದ ಪ್ರಶ್ನೆ ಎಂದು ಎಚ್ಚರಿಸಿದಳು. ಪಂಡರಿ ಚೀಟಿಯ ತಾರೀಖುಗಳನ್ನು ಬೆರಳಿಟ್ಟು ಎಣಿಸಿದ.

"ಕಚ್ಚಿಸ್ಕೊಂಡಾವಗ ಐದು ಸಲ ಬಾ ಅಂತೀರಿ, ಸಿಸ್ಟರ್. ಕಚ್ಚಿದಾಕಿಗಿ ಇಲ್ಲಿ ಜಾಗಾ ಇಲ್ಲಂದ್ರಿ."

ಮೀರಾಬಾಯಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅದು ನಮ್ಮ ತಪ್ಪೇ ಅನ್ರಿ. ಆಕಿ ಬಾಯಾಗ ನೀವೇನು ಇಟ್ಟಿದ್ರಿ ಕಾಕಾ?"

ಪಂಡರಿ ಚೀಟಿಯನ್ನು ಜೇಬಿಗಿಟ್ಟು ಎದ್ದ. ಮನೆಗೆ ಹೋಗಲಿಲ್ಲ. ನೆಟ್ಟಗೆ ಹುಮನಾಬಾದಿಗೆ, ಎರಡು ವರ್ಷದಿಂದ ಸರ್ದಾರನ ಮೇಲೆ ಕಣ್ಣಿಟ್ಟಿದ್ದ ಏಜಾಜನ ಅಂಗಡಿಗೆ ಹೋದ. ದುಡ್ಡಿನ ಗರಜು ಯಾರದ್ದೆಂದು ಪಟ್ಟಿ ಕಟ್ಟಿದ ಬೆರಳು ನೋಡಿಯೇ ತಿಳಿದ ಏಜಾಜ್ ನಲವತ್ತು ಸಾವಿರದ ಟಗರನ್ನು ಮೂವತ್ತು ಸಾವಿರಕ್ಕೆ ಕೊಂಡ.

ಗುರುವಾರ ಮೂವರೂ ಬಸವಕಲ್ಯಾಣಕ್ಕೆ ಹೋದರು. ಹಲ್ಲಿಗೇನಾಯಿತು ಎಂದು ಡಾಕ್ಟರು ಕೇಳಿದಾಗ ದೀಪಾಲಿ, ಬಿದ್ದೆ ಅಂದಳು.

"ಬಿದ್ದಿಲ್ರಿ," ಅಂದ ಪಂಡರಿ. "ನಾ ಮುರದೀನಿ."

ಡಾಕ್ಟರು ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅವನಿಗೂ ಒಂದು ಕೆಲಸ ಬರೆದುಕೊಟ್ಟರು. ಮೂರು ಹೊತ್ತೂ ಮಗಳ ಜೊತೆ ಕೂತು ತಾನೂ ಉಣ್ಣಬೇಕು. ಅವಳ ತಟ್ಟೆಯನ್ನು ಮುಟ್ಟಬಾರದು, ಅವಳನ್ನೂ ಮುಟ್ಟಬಾರದು. ಟಗರು ಹಿಡಿದ ಕೈಗಳಿಗೆ ಅಷ್ಟು ಕಷ್ಟದ ಕೆಲಸ ಹಿಂದೆಂದೂ ಬಿದ್ದಿರಲಿಲ್ಲ. ಮೊದಲ ತಿಂಗಳು ಅವನು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೇ ಉಂಡ.

ಟಗರಿನ ದುಡ್ಡು ಹದಿನೈದು ವಾರಕ್ಕೆ ಮುಗಿಯಿತು. ಇಲಾಜು ಮೂವತ್ತು ವಾರ ನಡೆಯಿತು. ಉಳಿದದ್ದಕ್ಕೆ ಐದು ಕುರಿ ಹೋದವು. ದವಾಖಾನೆಯ ಪಟ್ಟಿ ಬದಲಾಗಲಿಲ್ಲ. ದೀಪಾಲಿ ಬದುಕಿದಳು.