ಬೇರು ಸಮೇತ

ಚರ್ಮ ಹದಮಾಡುವವರಿಗೆ ತಂಗಡಿ ಗಿಡದ ತೊಗಟೆ ಮಾರಿಯೇ ಪಾಲಮಲೆಯ ಪೆದ್ದಮ್ಮ ಬದುಕುತ್ತಿದ್ದಳು. ಕೊಂಬೆ ಕಡಿದು ಬೇರು ಉಳಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಊರಿನ ಕಟ್ಟಳೆಯೂ ಅದೇ. ಮೆಟ್ಟೂರು ಅಣೆಕಟ್ಟು ಮುಗಿದ ವರ್ಷ, ಗುಡ್ಡದ ತೊಗಟೆಯ ಗುತ್ತಿಗೆಯನ್ನು ಸರ್ಕಾರ ಹರಾಜು ಹಾಕುತ್ತದೆಂದು ಸುದ್ದಿ ಬಂತು.

"ಸೇಲಂ ಯಾಪಾರಿಗಳು ಬಾಚ್ಕೊಂಡು ಓಗೋಕ್ ಮುಂಚೆ ನಾವೇ ಬೇರು ಸಮೇತ ಕೀಳಾನ," ಎಂದ ಊರಗೌಡ ಮುನಿಕೃಷ್ಣಪ್ಪ.

"ಕಳ್ಳ ಬತ್ತಾನೇಂತ ನಿನ್ ಮನೇಗ್ ನೀನೇ ಬೆಂಕಿ ಇಕ್ತೀಯೇನ್ಲಾ?" ಎಂದಳು ಪೆದ್ದಮ್ಮ. ಗಂಡಸರು ನಕ್ಕು ಗುಡ್ಡಕ್ಕೆ ನಡೆದರು. ತನ್ನ ಪಾಲೂ ಹೋದೀತೆಂದು ಕೊನೆಗೆ ಅವಳೂ ಗುದ್ದಲಿ ಹಿಡಿದಳು.

ಹರಾಜಿನ ದಿನ ಬೋಳು ಗುಡ್ಡ ನೋಡಿದ ಸೇಲಂನವರು ಬಂದ ದಾರಿ ಹಿಡಿದರು. ಬೇರೆ ಯಾರೂ ಸವಾಲು ಕೂಗದ ಕಾರಣ ಗುತ್ತಿಗೆ ಮುನಿಕೃಷ್ಣಪ್ಪನಿಗೇ ದಕ್ಕಿತು. ಅವನು ಹಾರ ಹಾಕಿಸಿಕೊಂಡು ಬೀಗಿದ.

"ನಾವೇ ಗೆದ್ದೋ, ಅಕ್ಕಾ!"

"ಊಂ ಕಣಪ್ಪ. ನಾಳೆಯಿಂದ ಬಂಡೆ ತೊಗಟೆ ಸುಲಿಯಾನ," ಎಂದಳು ಪೆದ್ದಮ್ಮ.