ಎತ್ತುವ ಕೈಗಳು

ಬೆವರಿಗೆ ಫಿನಾಯಿಲ್ ಬೆರೆತ ವಾಸನೆ, ಅಂದರೆ ಮಹಾಂತೇಶ್ ಬಂದ, ತಿರುಗಿ ನೋಡಬೇಕಾಗಿಲ್ಲ, ಈ ಆಸ್ಪತ್ರೆಯ ವಾರ್ಡ್‌ಬಾಯ್, ಒಳ್ಳೆಯವನು, ಅದೇ ನನ್ನ ಗ್ರಹಚಾರ, ಎತ್ತಿಬಿಡೋಣ ಮೇಡಂ, ಒಂದೇ ನಿಮಿಷ ಅನ್ನುತ್ತಾನೆ, ಎಷ್ಟು ಸಲ ಎತ್ತಿದ್ದಾರೆ ಇವರೆಲ್ಲ ನನ್ನನ್ನು, ವೀಲ್‌ಚೇರ್ ಸಮೇತ, ಗಣೇಶನ ಮೂರ್ತಿ ಎತ್ತಿದ ಹಾಗೆ, ಆಟೋ ಡ್ರೈವರು, ಟೀ ಅಂಗಡಿಯವರು, ಯಾರೋ ರೋಗಿಯ ಭಾವಮೈದ, ಎಲ್ಲರೂ ಪುಣ್ಯಾತ್ಮರೇ — ಈ ಪುಣ್ಯಾತ್ಮರಿಂದಲೇ ನನ್ನ ಕೇಸು ಹಳ್ಳ ಹಿಡಿದದ್ದು. ಮೆಟ್ಟಿಲಿನ ಪಕ್ಕ ಇಳಿಜಾರು ದಾರಿ ಇರಬೇಕಾದ ಜಾಗದಲ್ಲಿ ಮೆಡಿಕಲ್ ಶಾಪ್ ಇದೆ ಎಂದು ದೂರು ಕೊಟ್ಟರೆ, ಹೋದ ಸಲ ಪರಿಶೀಲನೆಗೆ ಬಂದ ಅಧಿಕಾರಿ ಬರೆದುಕೊಂಡು ಹೋದದ್ದೇನು, ಸಿಬ್ಬಂದಿ ಎತ್ತಿ ಒಳಗೆ ಕರೆದೊಯ್ಯುತ್ತಾರೆ, ತೊಂದರೆಯೇನೂ ಇಲ್ಲ. ತೊಂದರೆ ಇಲ್ಲವಂತೆ. ಹೋದ ತಿಂಗಳು ಎತ್ತುವಾಗ ಮಹಾಂತೇಶನ ಕೈ ಜಾರಿ ಕುರ್ಚಿ ವಾಲಿತು, ಇನ್ನೊಬ್ಬ ಗಾಬರಿಯಲ್ಲಿ ಒತ್ತಿ ಹಿಡಿದದ್ದು ನನ್ನ ಬಸುರಿ ಹೊಟ್ಟೆಯನ್ನು, ಆಮೇಲೆ ಮನೆಗೆ ಹೋಗಿ ಮಗು ಒದೆಯುತ್ತದೆಯೋ ಇಲ್ಲವೋ ಎಂದು ಕಾದು ಮಲಗಿದೆ — ಭಯವಾಗಿತ್ತು, ಈಗಲೂ ಆಗುತ್ತಿದೆ.

ಲಾಯರ್ ಮೈತ್ರಿ ಮೇಡಂ ಬೆಳಿಗ್ಗೆಯೇ ಫೋನು ಮಾಡಿದರು, ಇವತ್ತು ಹೊಸ ಆಫೀಸರ್ ಬರ್ತಾರೆ, ಯಾರು ಕೈ ಹಾಕಿದ್ರೂ ಬೇಡ ಅನ್ನಿ, ಎತ್ತಿಸ್ಕೊಂಡು ಒಳಗೆ ಹೋದ್ರೆ ಕೇಸ್ ಮುಗೀತು. ಬೇಡ ಎನ್ನುವುದು ಅವರಿಗೆ ಸುಲಭ, ಸ್ಕ್ಯಾನಿಂಗ್ ಇರುವುದೂ ಇವತ್ತೇ, ಒಳಗೆ ಹೋಗದಿದ್ದರೆ ಮಗು ಹೇಗಿದೆ ಎಂದು ತಿಳಿಯುವುದಿಲ್ಲ, ಪಕ್ಕದಲ್ಲಿ ಅತ್ತೆ, ಇಟ್ಟಮಡುವಿನಲ್ಲಿ ಆಟೋ ಹತ್ತಿದಾಗಿನಿಂದ ಒಂದೇ ರಾಗ, ಇದೊಂದ್ಸಲ ಎತ್ತಿಸ್ಕೊಂಡ್ಬಿಡು ಅರ್ಪಿತಾ, ಹಠ ಯಾಕೆ, ಬಸುರಿ ಹೆಂಗ್ಸು ಬಿಸ್ಲಲ್ಲಿ ಕೂರ್ತಾರಾ. ಕೂರುತ್ತೇನೆ. ಅಧಿಕಾರಿ ಬಂದರು, ಮೆಟ್ಟಿಲು ಹತ್ತಿ ಮೇಲೆ ನಿಂತರು, ಒಳಗೆ ಬನ್ನಿ ಮೇಡಂ, ಕೂತು ಮಾತಾಡೋಣ. ನಾನೂ ಅದನ್ನೇ ಕೇಳ್ತಿರೋದು ಸಾರ್, ಹೇಗೆ ಬರ್ಲಿ ಹೇಳಿ. ಯಾರೋ ನಕ್ಕರು, ಅಧಿಕಾರಿ ನಗಲಿಲ್ಲ, ಎತ್ತಿ ಎಂದು ಸನ್ನೆ ಮಾಡಿದರು, ಬೇಡ ಅಂದೆ, ಇನ್ನೊಮ್ಮೆ ಅಂದೆ, ಅಯ್ಯೋ ನಾವಿಲ್ವಾ ಮೇಡಂ ಎನ್ನುತ್ತ ಮಹಾಂತೇಶ್ ಬಗ್ಗಿದ, ಅವನ ಕೈ ಕುರ್ಚಿಗೆ ಬರುತ್ತಿದೆ, ಬಂದೇಬಿಟ್ಟಿತು — ಇಲ್ಲ, ನಿಂತಿತು. ಬಳೆಗಳ ಸದ್ದು. ಅವನ ಮಣಿಕಟ್ಟಿನ ಮೇಲೆ ಅತ್ತೆಯ ಕೈ, ಬೇಡ ಅಂದ್ಲಲ್ಲಪ್ಪ, ಕೈ ತೆಗಿ. ಗೆಣ್ಣು ಊದಿದ ಆ ಕೈ, ಬಿಡುತ್ತಿಲ್ಲ, ಆ ಕೈ, ಬಿಡುತ್ತಿಲ್ಲ