ಕತ್ತಿನಲ್ಲಿ ಉಳಿದದ್ದು

ಡಾಕ್ಟ್ರಮ್ಮನ ಬಳೆ ಮೇಜಿಗೆ ತಾಗಿ ಟಣ್ಣೆಂದಿತು, ಆ ಸದ್ದಿನಲ್ಲಿ ಒಂದು ಮಾತು ತಪ್ಪಿಹೋಯಿತೇನೋ, ಇನ್ನೊಂದು ಸಲ ಹೇಳಿ ಮೇಡಂ ಎಂದಳು ಅನಿತ, ಕ್ಯಾನ್ಸರ್ ಅಲ್ಲ ಕಣಮ್ಮ, ಕತ್ತಿನ ಗಂಟಿಂದು ನೀವು ತಂದ ಸ್ಲೈಡ್ ನಾನೂ ನೋಡ್ದೆ, ನಮ್ಮ ಸರ್ರೂ ನೋಡಿದ್ರು, ನೀನು ನಿಮ್ಮಮ್ಮನ ಹೊಟ್ಟೇಲಿದ್ದಾಗಿನ ಜೀವಕೋಶಗಳು ಇವು, ಥೈರಾಯ್ಡ್ ಬೆಳೆಯೋವಾಗ ಅದರೊಳಗೇ ಗುಂಪಾಗಿ ಉಳ್ಕೊಂಡಿವೆ, ಎಷ್ಟೋ ಜನಕ್ಕಿರುತ್ತೆ, ಏನೂ ಮಾಡಲ್ಲ, ಗುರುತು ಸಿಗದಿದ್ರೆ ಮಾತ್ರ ಕ್ಯಾನ್ಸರ್ ಥರಾನೇ ಕಾಣುತ್ತೆ, ಮೊದಲು ನೋಡಿದೋರು ಅಲ್ಲೇ ಎಡವಿದಾರೆ, ಇನ್ನೊಂದು ಆಪರೇಷನ್ ಬೇಕಾಗಿಲ್ಲ — ಸೀರೆ ಕೊಯ್ದ ಮೇಲೂ ತಮ್ಮ ಮನೆಯ ಮಗ್ಗದಲ್ಲಿ ಉಳಿಯುವ ನೂಲಿನ ಹಾಗೆ, ಅಷ್ಟಕ್ಕಾ, ಅಷ್ಟಕ್ಕಾ ಇಷ್ಟೆಲ್ಲ, ಪಕ್ಕದಲ್ಲಿ ಗಂಡ ಯೋಗಾನಂದ ಕೈಮುಗಿಯುತ್ತಿದ್ದಾನೆ, ಬದುಕ್ಕೊಂಡ್ವಿ ಮೇಡಂ — ಮತ್ತೆ ಹಾಲು? ಮಗೂಗೆ ನಾನು ಹಾಲು ಕುಡಿಸಬಹುದಾಗಿತ್ತಾ ಮೇಡಂ? ಅಯ್ಯೋ, ಬೇಡ ಅಂದೋರ್ಯಾರಮ್ಮ?

ಯಾರು, ಯಾರೂ ಇಲ್ಲ, ಯಾವ ಡಾಕ್ಟರೂ ಅನ್ನಲಿಲ್ಲ, ಮನೆಯವರು ಯಾರನ್ನೂ ಕೇಳಲೂ ಇಲ್ಲ, ದೊಡ್ಡಬಳ್ಳಾಪುರದಲ್ಲಿ ಗಂಟು ತೆಗೆದ ಮೇಲೆ ರಿಪೋರ್ಟು ಬಂದದ್ದು ತೊಂಬತ್ತಮೂರರ ಮಾರ್ಚ್ ಹನ್ನೊಂದು, ಆ ತಾರೀಖು ಸಾಯೋವರೆಗೂ ಮರೆಯಲಾರಳು, ಅವತ್ತೇ ಅತ್ತೆ ಅಕ್ಕಯ್ಯಮ್ಮ ಮೂರು ತಿಂಗಳ ಕೂಸನ್ನು ಎದೆಯಿಂದ ಕಿತ್ತುಕೊಂಡರು, ನಿನ್ನ ಹಾಲಲ್ಲಿ ವಿಷ ಐತೆ ಕಣೇ, ಅದಾದ್ರೂ ಉಳ್ಕೊಳ್ಳಲಿ, ಹಾಲು ಬತ್ತಲೆಂದು ಮಾರುಗಟ್ಟಲೆ ಮಲ್ಲಿಗೆ ತಂದು ಎದೆಗೊತ್ತಿ ಬಟ್ಟೆ ಬಿಗಿದರು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಾಡಿದ್ದು ತೆಗೆದು ಹೊಸದು, ಕಲ್ಲಾದ ಎದೆ, ಜ್ವರ, ಆ ವಾಸನೆಗೆ ವಾಂತಿ, ಒಳಕೋಣೆಯಲ್ಲಿ ಮಗು ಕಿರುಚುತ್ತಿದೆ, ಇವಳಿಗೆ ಕೇಳದಿರಲೆಂದು ಯೋಗಾನಂದ ಊಟ ಬಿಟ್ಟೆದ್ದು ಎರಡೂ ಮಗ್ಗ ಓಡಿಸುತ್ತಾನೆ, ಪಾಪ, ಅವನಿಗೆ ತಿಳಿದದ್ದು ಅಷ್ಟು, ಆದರೂ ಕೇಳುತ್ತಿತ್ತು, ತನ್ನ ಬಾಯಿಗೇನಾಗಿತ್ತು, ಒಂದು ಮಾತು ಕೇಳಬಹುದಿತ್ತಲ್ಲ, ಸಾಯುವವಳು ನಾನು ಎಂದುಕೊಂಡು ಆ ಮಲ್ಲಿಗೆಗೆ ಎದೆ ಕೊಟ್ಟು ಸುಮ್ಮನೆ ಕೂತಿದ್ದಳಲ್ಲ, ಇಪ್ಪತ್ತೆರಡು ದಿನ.

ಊರಿಗೆ ಮರಳುವ ಬಸ್ಸು ರಾಜಾನುಕುಂಟೆ ದಾಟಿದ್ದು, ಇಳಿದದ್ದು, ನಡೆದದ್ದು ಒಂದೂ ತಿಳಿಯಲಿಲ್ಲ, ಬಾಗಿಲಲ್ಲೇ ಯೋಗಾನಂದ ಹೇಳಿಬಿಟ್ಟ, ಅತ್ತೆ ಗೊಳೋ ಎಂದು ಅತ್ತರು, ಕುಡ್ಸೇ ತಾಯಿ, ನಂದು ತಪ್ಪಾಯ್ತು ಕುಡ್ಸು, ಮಗುವನ್ನು ಮಡಿಲಿಗೆ ಹಾಕಿದರು, ಇವಳು ಕುಪ್ಪಸ ಸಡಿಲಿಸಿ ಆ ತುಟಿಗೆ ತಾಗಿಸುತ್ತಾಳೆ, ಚೀಪು ನನ್ನ ಬಂಗಾರ, ಚೀಪಿದರೆ ಬರುತ್ತೆ ಕಂದ, ಒಂದು ಸಲ ಎಳೆಯಿತು, ಏನೂ ಇಲ್ಲ, ಹುಬ್ಬು ಗಂಟಿಕ್ಕಿತು, ಅತ್ತೆಯ ಪಕ್ಕದಲ್ಲಿದ್ದ ಹಾಲಿನ ಬಾಟಲಿಯ ಕಡೆ ಮುಖ ತಿರುಗಿಸಿತು, ಕೆನ್ನೆ ಹಿಡಿದು ಇತ್ತ ತರುತ್ತಾಳೆ, ಅತ್ತ ತಿರುಗುತ್ತದೆ, ಮತ್ತೆ ಇತ್ತ, ಮತ್ತೆ ಅತ್ತ, ತಿರುಗಿದ ಆ ಪುಟ್ಟ ಮುಖ, ತಿರುಗಿದ ಮುಖ —